ಶಿಬಿರ ಮುಗಿದ ಮೇಲೆ ಶುರುವಾಗುವ ಕೆಲಸ

ಮಲ್ಪೆ ಬಂದರಿನಲ್ಲಿ ದುಡಿಮೆಯ ಹಣ ಕೈಗೆ ಸಿಗುವುದು ಬೋಟು ದಡಕ್ಕೆ ತಾಗಿದ ಮೇಲೆ. ಆಳಸಮುದ್ರಕ್ಕೆ ಹೋದ ಬೋಟು ಎಂಟು ಹತ್ತು ದಿನ ನೀರಿನ ಮೇಲೇ ಇದ್ದು ಬರುತ್ತದೆ. ಮೀನು ಇಳಿಯಬೇಕು, ಏಲಂ ಆಗಬೇಕು, ಡೀಸೆಲ್ಲು, ಮಂಜುಗಡ್ಡೆ, ಅಕ್ಕಿ ಸಾಮಾನಿನ ಖರ್ಚು ಕಳೆಯಬೇಕು. ಆಮೇಲೆ ಬೋಟಿನಲ್ಲಿ ದುಡಿಯುವ ಕಲಾಸಿಗಳ ಪಾಲು. ಆ ಹೊತ್ತಿಗೆ ಮೈ ದಣಿದಿರುತ್ತದೆ, ಕಿಸೆಯಲ್ಲಿ ಹಣವಿರುತ್ತದೆ, ಜೊತೆಗಾರರು ಕರೆಯುತ್ತಿರುತ್ತಾರೆ. ಕುಡಿತ ಬಿಟ್ಟು ತಿಂಗಳೂ ಆಗದವನಿಗೆ ಬಂದರಿನ ಗೇಟಿನಿಂದ ಮನೆಯಂಗಳದವರೆಗಿನ ದಾರಿ ಬಲು ಉದ್ದ.

ಆ ದಾರಿಯಲ್ಲಿ ಅವನ ಜೊತೆ ನಡೆಯಲು ಅವನಂತೆಯೇ ಕುಡಿದು, ಅವನಂತೆಯೇ ಬಿಟ್ಟ ಮತ್ತೊಬ್ಬ ಬೇಕು. ಅಂಥವರನ್ನು ಊರೂರಿನಲ್ಲಿ ಒಟ್ಟುಗೂಡಿಸುವ ಕೆಲಸವನ್ನು ಮೂರು ದಶಕಗಳಿಂದ ಮಾಡಿಕೊಂಡು ಬಂದಿರುವ ಸಂಸ್ಥೆ ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆ. ಅದರ ಮದ್ಯವರ್ಜನ ಶಿಬಿರಗಳ ಸುದ್ದಿ ಉಡುಪಿ, ಕಾಪು, ಕಾರ್ಕಳದವರಿಗೆಲ್ಲ ಗೊತ್ತು. ಶಿಬಿರದ ಬೆನ್ನಿಗೇ ಹುಟ್ಟುವ ನವಜೀವನ ಸಮಿತಿಯ ಬಗ್ಗೆ ಮಾತಾಡುವವರು ಕಡಿಮೆ. ಕುಡಿತ ಬಿಡುವುದು ಶಿಬಿರದಲ್ಲಿ. ಬಿಟ್ಟವನು ಬಿಟ್ಟೇ ಇರುವಂತೆ ನೋಡಿಕೊಳ್ಳುವುದು ಈ ಸಮಿತಿ.

ಊರೇ ನಡೆಸುವ ಶಿಬಿರ

ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯನ್ನು ಆರಂಭಿಸಿದರು. ಯೋಜನೆಯ ಬೆನ್ನೆಲುಬು ಪ್ರಗತಿಬಂಧು ಗುಂಪುಗಳು. ಐದಾರು ಸಣ್ಣ ರೈತರು ಸೇರಿ ವಾರಕ್ಕೊಂದು ದಿನ ಒಬ್ಬೊಬ್ಬರ ಹೊಲದಲ್ಲಿ ಸರದಿಯಂತೆ ದುಡಿಯುವುದು, ವಾರಕ್ಕೊಮ್ಮೆ ಕೂತು ಲೆಕ್ಕ ನೋಡುವುದು ಅದರ ಕ್ರಮ. ದುಡಿಮೆ ಹೆಚ್ಚಿತು, ಆದರೆ ಎಷ್ಟೋ ಮನೆಗಳಲ್ಲಿ ಹೆಚ್ಚಿದ ದುಡ್ಡು ಸಾರಾಯಿ ಅಂಗಡಿಯ ಪಾಲಾಯಿತು. ತೊಂಬತ್ತರ ದಶಕದಲ್ಲಿ ಜನಜಾಗೃತಿ ವೇದಿಕೆಯ ಕೆಲಸ ಶುರುವಾದದ್ದು ಈ ನೋವಿನಿಂದ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ, ಶಿಬಿರಗಳೂ ನಿಲ್ಲಲಿಲ್ಲ. ಇಂದು ಅವುಗಳ ಸಂಖ್ಯೆ 1,500 ದಾಟಿ ಮುಂದೆ ಹೋಗಿದೆ.

ಶಿಬಿರದ ಬಲವಿರುವುದು ಅದನ್ನು ನಡೆಸುವ ರೀತಿಯಲ್ಲಿ. ಮೊದಲು ಊರಿನಲ್ಲಿ ಒಂದು ವ್ಯವಸ್ಥಾಪನಾ ಸಮಿತಿಯಾಗುತ್ತದೆ. ಅದರಲ್ಲಿ ಬೇರೆ ಬೇರೆ ಜಾತಿ, ಪಕ್ಷ, ಸಂಘಗಳವರು ಇರುತ್ತಾರೆ. ಸಭಾಭವನವೋ ಶಾಲೆಯೋ ಗೊತ್ತಾಗುತ್ತದೆ. ಅಕ್ಕಿ, ತೆಂಗಿನಕಾಯಿ, ತರಕಾರಿ ಊರವರಿಂದಲೇ ಬರುತ್ತದೆ. ಸುಮಾರು ಎಂಟು ದಿನ ಶಿಬಿರಾರ್ಥಿಗಳು ಅಲ್ಲೇ ಉಳಿಯುತ್ತಾರೆ. ವ್ಯಾಯಾಮ, ಭಜನೆ, ಆಪ್ತಸಮಾಲೋಚನೆ, ಗುಂಪು ಚರ್ಚೆ, ಮನೆಯವರು ಬಂದು ಕೂರುವ ದಿನ ಎಲ್ಲವೂ ಇರುತ್ತದೆ. ನಿನ್ನೆಯವರೆಗೆ ಯಾರನ್ನು ಕಂಡರೆ ಊರು ಮುಖ ತಿರುಗಿಸುತ್ತಿತ್ತೋ ಅವನಿಗೆ ಊರೇ ಬಾಳೆಲೆ ಹಾಕಿ ಬಡಿಸುತ್ತದೆ.

ಶಿಬಿರ ಮುಗಿಯುತ್ತಿದ್ದಂತೆ ಅಲ್ಲಿ ಜೊತೆಗಿದ್ದವರೇ ಸೇರಿ ನವಜೀವನ ಸಮಿತಿ ರಚಿಸಿಕೊಳ್ಳುತ್ತಾರೆ. ನಿಗದಿತ ದಿನ ಸೇರುವುದು, ಬಾರದವನ ಮನೆಗೆ ಹೋಗಿ ವಿಚಾರಿಸುವುದು, ಜಾರಿದವನನ್ನು ಬೈಯದೆ ಕರೆತರುವುದು ಇದರ ಕೆಲಸ. ನೂರು ದಿನ ದಾಟಿದವರಿಗೆ ಶತದಿನೋತ್ಸವ ಮಾಡುತ್ತಾರೆ. ಅಕ್ಟೋಬರ್ 2ರ ಗಾಂಧಿ ಸ್ಮೃತಿ ಸಮಾವೇಶಗಳಲ್ಲಿ ಪಾನಮುಕ್ತರು ಸಂಸಾರ ಸಮೇತ ವೇದಿಕೆಯ ಮುಂದೆ ಕೂರುತ್ತಾರೆ. ಮುಂದಿನ ಶಿಬಿರಕ್ಕೆ ಹೊಸಬರನ್ನು ಕರೆತರುವವರಲ್ಲಿ ಹಿಂದಿನ ಶಿಬಿರದಲ್ಲಿ ಬಿಟ್ಟವರೇ ಮುಂದು.

ಅಮೆರಿಕದ ಆ ಒಂದು ಸಂಜೆ

ಕುಡಿದವನಿಗೆ ಕುಡಿದವನೇ ಆಸರೆ ಎಂಬ ಮಾತಿಗೆ ಜಗತ್ತಿನಲ್ಲಿ ದೊಡ್ಡ ರೂಪ ಕೊಟ್ಟದ್ದು ಆಲ್ಕೊಹಾಲಿಕ್ಸ್ ಅನಾನಿಮಸ್. ಎಲ್ಲರ ಬಾಯಲ್ಲಿ ಅದು ಎ.ಎ. 1935ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಷೇರು ವ್ಯವಹಾರಸ್ಥ ಬಿಲ್ ವಿಲ್ಸನ್ ಓಹಾಯೋದ ಆಕ್ರನ್ ಊರಿಗೆ ಬಂದಿದ್ದರು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ವ್ಯವಹಾರ ಕೈಕೊಟ್ಟಿತು, ಹೋಟೆಲಿನ ಬಾರು ಕಣ್ಣೆದುರಿಗಿತ್ತು. ಅವರು ಬಾರಿನೊಳಗೆ ಹೋಗದೆ, ಮಾತಾಡಲು ತನ್ನಂಥ ಇನ್ನೊಬ್ಬ ಕುಡುಕ ಬೇಕೆಂದು ಚರ್ಚುಗಳಿಗೆ ಫೋನು ಮಾಡುತ್ತಾ ಹೋದರು. ಹಾಗೆ ಸಿಕ್ಕಿದವರು ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್. ಹದಿನೈದು ನಿಮಿಷ ಮಾತ್ರ ಎಂದು ಷರತ್ತು ಹಾಕಿ ಬಂದ ವೈದ್ಯರು ರಾತ್ರಿಯಾಗುವವರೆಗೂ ಏಳಲಿಲ್ಲ. ಬಾಬ್ ಕೊನೆಯ ಬಾರಿ ಕುಡಿದ ದಿನವೆಂದು ನೆನೆಯುವ 1935ರ ಜೂನ್ 10 ಎ.ಎ.ಯ ಹುಟ್ಟಿದ ದಿನ. ಭಾರತಕ್ಕೆ ಅದು ಬಂದದ್ದು 1957ರಲ್ಲಿ.

ಅಂದು ಬಿಲ್ ಫೋನು ಮಾಡಿದ್ದು ಇನ್ನೊಬ್ಬನನ್ನು ಉದ್ಧರಿಸಲಿಕ್ಕಲ್ಲ, ತಾನು ಉಳಿದುಕೊಳ್ಳಲಿಕ್ಕೆ. ಗುಂಪಿನಲ್ಲಿ ಸಹಾಯ ಮಾಡುವವನಿಗೇ ಮೊದಲ ಸಹಾಯ ಸಿಗುತ್ತದೆ. ಸಂಬಳ, ಹುದ್ದೆ ಯಾವುದೂ ಇಲ್ಲದೆ ಇಂಥ ಗುಂಪುಗಳು ದಶಕಗಟ್ಟಲೆ ನಡೆದಿರುವುದು ಇದೇ ಬಲದಿಂದ.

ಎ.ಎ. ಸಭೆಯ ಕ್ರಮ ಸರಳ. ಕುರ್ಚಿಗಳನ್ನು ಎದುರುಬದುರು ಹಾಕಿರುತ್ತಾರೆ. ಹೆಸರಷ್ಟೇ ಹೇಳಿದರೆ ಸಾಕು. ಮನೆತನ, ಉದ್ಯೋಗ ಯಾರೂ ಕೇಳುವುದಿಲ್ಲ. ಒಬ್ಬ ತಾನು ಕುಡಿಯುತ್ತಿದ್ದಾಗ ಏನಾಗಿತ್ತು, ಬಿಟ್ಟದ್ದು ಹೇಗೆ, ಈಗ ಹೇಗಿದ್ದೇನೆ ಎಂದು ಹೇಳುತ್ತಾನೆ. ನಡುವೆ ಬಾಯಿ ಹಾಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ಮಾತು ಬೇಡವಾದರೆ ಸುಮ್ಮನೆ ಕೂರಬಹುದು. ಸೇರಲು ಶುಲ್ಕವಿಲ್ಲ; ಕುಡಿತ ಬಿಡಬೇಕೆಂಬ ಆಸೆಯೊಂದೇ ಅರ್ಹತೆ. ಚಹಾ, ಬಾಡಿಗೆಯ ಖರ್ಚಿಗೆ ಸದಸ್ಯರೇ ಕೈಲಾದಷ್ಟು ಹಾಕುತ್ತಾರೆ. ಹೊರಗಿನ ದೇಣಿಗೆ ಪಡೆಯುವುದಿಲ್ಲ. ಜನ್ಮಪೂರ್ತಿ ಬಿಡುತ್ತೇನೆಂದು ಯಾರ ಹತ್ತಿರವೂ ಹೇಳಿಸುವುದಿಲ್ಲ. ಇವತ್ತೊಂದು ದಿನ ಕುಡಿಯದಿದ್ದರೆ ಆಯಿತು, ನಾಳೆಯದು ನಾಳೆಗೆ.

ನವಜೀವನದವರು ಊರೆದುರಿಗೆ ಸಂಕಲ್ಪ ಮಾಡುತ್ತಾರೆ, ಎ.ಎ.ಯವರು ಗುರುತು ಹೇಳದೆ ಕೂರುತ್ತಾರೆ. ನಮಗೆ ಎರಡೂ ಬೇಕು. ಕುಡಿತದ ವಿಷಯ ಈಗಾಗಲೇ ಊರಿಗೆಲ್ಲ ಗೊತ್ತಿರುವವನಿಗೆ ಕಳೆದುಹೋದ ಮಾನ ಊರೆದುರಿಗೇ ಮರಳಿ ಸಿಗಬೇಕು. ಮಣಿಪಾಲದ ಕಚೇರಿಯೊಂದರಲ್ಲಿ ಗುಟ್ಟಾಗಿ ಕುಡಿಯುವವನಿಗೂ, ಯಾರಿಗೂ ಹೇಳಿಕೊಳ್ಳಲಾಗದ ಹೆಣ್ಣುಮಗಳಿಗೂ ಹೆಸರು ಹೊರಗೆ ಬಾರದ ಕೋಣೆ ಬೇಕು.

ವೈದ್ಯರ ಕೈ ಬಿಡಬಾರದು

ಗುಂಪು ಆಸ್ಪತ್ರೆಗೆ ಬದಲಿಯಲ್ಲ. ವರ್ಷಗಟ್ಟಲೆ ವಿಪರೀತ ಕುಡಿದವನು ತಟ್ಟನೆ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಕೈಕಾಲು ನಡುಕ, ಫಿಟ್ಸ್, ಇಲ್ಲದ್ದು ಕಾಣುವ ಭ್ರಮೆ ಬರಬಹುದು, ಜೀವಕ್ಕೂ ಅಪಾಯ. ಆ ಹೊತ್ತಿಗೆ ವೈದ್ಯರು, ಔಷಧ, ಬಿ1 ವಿಟಮಿನ್ ಬೇಕು. ಉಡುಪಿ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯಲ್ಲಿ ಮನೋವೈದ್ಯ ಡಾ. ಪಿ.ವಿ. ಭಂಡಾರಿ ಮತ್ತು ತಂಡ ವ್ಯಸನ ಚಿಕಿತ್ಸೆಗೆ ಹೆಸರಾದವರು. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗವಿದೆ. ಕುಡಿತ ಬಿಡಿಸುವ ಗುಳಿಗೆಯನ್ನು ಗಂಡನಿಗೆ ಗೊತ್ತಾಗದಂತೆ ಸಾರಿನಲ್ಲೋ ಕಾಫಿಯಲ್ಲೋ ಬೆರೆಸಿ ಕೊಡುವ ಮನೆಗಳಿವೆ. ಅದು ಬೇಡವೇ ಬೇಡ. ಗುಳಿಗೆ ಹೊಟ್ಟೆಯಲ್ಲಿರುವಾಗ ಆತ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು.

ಆದರೆ ಆಸ್ಪತ್ರೆ ತಲುಪುವವರೆಷ್ಟು? ಕೇಂದ್ರ ಸರ್ಕಾರಕ್ಕಾಗಿ ದಿಲ್ಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಮನೆಗಳಿಗೆ ಹತ್ತಿರವಾಗಬಲ್ಲದ್ದು ಊರಿನ ಗುಂಪೇ. ಗುಂಪಿನಿಂದ ಗುಣವಿದೆಯೇ ಎಂಬ ಪ್ರಶ್ನೆಗೂ ಉತ್ತರ ಸಿಕ್ಕಿದೆ. 2020ರಲ್ಲಿ ಪ್ರಕಟವಾದ ಕಾಕ್ರನ್ ಸಂಸ್ಥೆಯ ಪರಾಮರ್ಶೆ 10,565 ಜನರನ್ನೊಳಗೊಂಡ 27 ಅಧ್ಯಯನಗಳನ್ನು ಒರೆಗೆ ಹಚ್ಚಿತು. ಎ.ಎ. ಸಭೆಗಳಿಗೆ ಕ್ರಮಬದ್ಧವಾಗಿ ಜೋಡಿಸುವ ಚಿಕಿತ್ಸೆ ಪಡೆದವರಲ್ಲಿ, ಬೇರೆ ಚಿಕಿತ್ಸೆ ಪಡೆದವರಿಗಿಂತ ಹೆಚ್ಚು ಜನ ವರ್ಷದುದ್ದಕ್ಕೂ ಕುಡಿಯದೆ ಉಳಿದಿದ್ದರು.

ಬಂದರಿನ ಗಡಿಯಾರ

ಮಲ್ಪೆಯ ಕಷ್ಟವೇ ಬೇರೆ. ಪ್ರತಿ ಭಾನುವಾರ ಸಂಜೆ ಐದಕ್ಕೆ ಸಭೆ ಎಂದರೆ ಪೇಟೆಯವನು ಬಂದಾನು. ಬೋಟಿನವನು ಆ ಹೊತ್ತಿಗೆ ಎಷ್ಟೋ ಮಾರು ಆಳದ ನೀರಿನ ಮೇಲಿರುತ್ತಾನೆ. ಹಾಗಾಗಿ ಇಲ್ಲಿಯ ಗುಂಪು ಬೋಟಿನ ಲೆಕ್ಕಕ್ಕೆ ಹೊಂದಿಕೊಳ್ಳಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಕ್ಕೆಯಲ್ಲಿ ಸಾಲುಗಟ್ಟಿ ನಿಂತಿರುತ್ತವೆ, ಬಲೆ ನೇಯುವುದು ಬಿಟ್ಟರೆ ಹೆಚ್ಚು ಕೆಲಸವಿಲ್ಲ, ಕೈಯಲ್ಲಿ ಹಣವೂ ಕಡಿಮೆ. ಬೇಸರಕ್ಕೆ ಕುಡಿತ ಹೆಚ್ಚುವುದೂ ಈ ಕಾಲದಲ್ಲೇ. ಎಂಟು ದಿನದ ಶಿಬಿರಕ್ಕೆ, ದಿನ ಬಿಟ್ಟು ದಿನ ಸೇರುವ ಸಭೆಗೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ವಡಭಾಂಡೇಶ್ವರದಲ್ಲಿ ಸಮುದ್ರಪೂಜೆಯಾಗಿ ಬೋಟುಗಳು ಹೊರಡುವಷ್ಟರಲ್ಲಿ ಗುಂಪು ಬೇರು ಬಿಟ್ಟಿರಬೇಕು.

ಆಮೇಲೆ ಕಡಲಿನಲ್ಲಿ? ಹಡಗಿನಲ್ಲಿ ದುಡಿಯುವ ಎ.ಎ. ಸದಸ್ಯರು ಮೊಬೈಲು ಹುಟ್ಟುವ ಎಷ್ಟೋ ಮೊದಲೇ ಪತ್ರಗಳಲ್ಲೇ ಸಭೆ ನಡೆಸಿಕೊಂಡಿದ್ದರು. ಬಂದರು ಸೇರಿದ ಕೂಡಲೇ ಅಲ್ಲಿಯ ಗುಂಪನ್ನು ಹುಡುಕಿ ಹೋಗುತ್ತಿದ್ದರು. ನಮ್ಮಲ್ಲಿ ಒಂದೇ ಬೋಟಿನಲ್ಲಿ ಇಬ್ಬರು ಬಿಟ್ಟವರಿದ್ದರೆ ಅವರಿಬ್ಬರದೇ ಒಂದು ಸಭೆ. ದಡದಲ್ಲಿರುವ ಒಬ್ಬ ಸದಸ್ಯ ಪಾಲು ಕೈಗೆ ಸಿಗುವ ದಿನ ಬಂದರಿಗೆ ಬಂದು ಕಾದರೆ ಅದು ಹತ್ತು ಭಾಷಣಗಳಿಗಿಂತ ಮೇಲು. ಪರ್ಸೀನ್ ಬೋಟುಗಳು ಬರುವ ಮೊದಲು ಈ ಕಡಲತೀರದಲ್ಲಿ ರಂಪಣಿ ಬಲೆ ಎಳೆಯುತ್ತಿದ್ದರು. ಹತ್ತಾರು ಜನ ದಡದಲ್ಲಿ ನಿಂತು ಹಗ್ಗ ಹಿಡಿದರೆ ಮಾತ್ರ ಬಲೆ ಮೇಲೆ ಬರುತ್ತಿತ್ತು, ಬಂದದ್ದರಲ್ಲಿ ಎಲ್ಲರಿಗೂ ಪಾಲು. ಕುಡಿತದಿಂದ ಒಬ್ಬನನ್ನು ಎಳೆದು ತರುವುದೂ ಅಂಥದ್ದೇ ಕೆಲಸ.

ಮನೆಯವರಿಗೂ ಗುಂಪು ಬೇಕು. ಬಿಲ್ ಅವರ ಪತ್ನಿ ಲೋಯಿಸ್ ವಿಲ್ಸನ್ 1951ರಲ್ಲಿ ಕಟ್ಟಿದ ಅಲ್-ಅನಾನ್ ಕುಡಿಯುವವರ ಹೆಂಡತಿ, ಗಂಡ, ತಾಯಿತಂದೆಯರಿಗಾಗಿಯೇ ಇದೆ. ಬೆಳಗಿನ ಜಾವವೇ ಬುಟ್ಟಿ ಹೊತ್ತು ಮೀನು ಮಾರಿ, ಗಂಡನ ಕುಡಿತವನ್ನು ನೆಂಟರಿಷ್ಟರಿಂದ ಮುಚ್ಚಿಟ್ಟು, ಮಕ್ಕಳ ಫೀಸು ಕಟ್ಟುವ ಹೆಣ್ಣಿಗೆ ವಾರಕ್ಕೊಂದು ಗಂಟೆಯಾದರೂ ತನ್ನ ಮಾತು ಕೇಳುವ ಜಾಗ ಸಿಗಲೇಬೇಕು.

ಗುಂಪು ಕಟ್ಟುವುದು ಹೇಗೆ?

ಗುಂಪು ಹುಡುಕಿಕೊಡಲು, ಇಲ್ಲದಲ್ಲಿ ಕಟ್ಟಲು ನೆರವಾಗುವ ಕಚೇರಿಗಳೇ ಕೆಲವು ದೇಶಗಳಲ್ಲಿವೆ. ಅಮೆರಿಕದ ನ್ಯೂಜೆರ್ಸಿಯಲ್ಲಿ 1981ರಲ್ಲಿ, ಜರ್ಮನಿಯ ಬರ್ಲಿನ್‌ನಲ್ಲಿ 1984ರಲ್ಲಿ ಅಂಥವು ಆರಂಭವಾದವು. ಕುಡಿತಕ್ಕೆ ಮಾತ್ರವಲ್ಲ, ಅಪರೂಪದ ಕಾಯಿಲೆ, ಮಗುವನ್ನು ಕಳೆದುಕೊಂಡ ದುಃಖ ಎಲ್ಲಕ್ಕೂ ಅವು ದಾರಿ ತೋರಿಸುತ್ತವೆ. ಕುಡಿತದಾಚೆಯ ಗುಂಪಿಗೆ ನಮ್ಮಲ್ಲೂ ಉದಾಹರಣೆಯಿದೆ: ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ ಹಿಮೋಫಿಲಿಯಾ ಸ್ವತಃ ಇರುವ ಡಾ. ಸುರೇಶ್ ಹನಗವಾಡಿ ದಾವಣಗೆರೆಯಲ್ಲಿ ತಮ್ಮಂಥವರನ್ನು ಒಟ್ಟುಗೂಡಿಸಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಬೆಳೆಸಿದರು.

ಊರಿನಲ್ಲಿ ಶಿಬಿರ ಬೇಕಿದ್ದರೆ ಧರ್ಮಸ್ಥಳ ಯೋಜನೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಬಹುದು. ತಕ್ಷಣ ಮಾತಾಡಬೇಕಿದ್ದರೆ ಸರ್ಕಾರದ ಉಚಿತ ದೂರವಾಣಿಗಳಿವೆ: ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416, ವ್ಯಸನಮುಕ್ತಿಗೆ 14446.

ಗುಂಪಿಗೆ ಕಟ್ಟಡ ಬೇಡ, ನಿಧಿ ಬೇಡ, ಉದ್ಘಾಟನೆಯೂ ಬೇಡ. ಮೊದಲ ಸಭೆಗೆ ಇಬ್ಬರು ಸಾಕು. ಯಾರೂ ಬಾರದ ವಾರವೂ ಬಾಗಿಲು ತೆರೆದಿರಬೇಕು, ಅಷ್ಟೇ ಮುಖ್ಯ. ಮಾತು ತುಳುವಿನಲ್ಲಿ ನಡೆದರೆ ಇನ್ನೂ ಒಳ್ಳೆಯದು. ನಮ್ಮ ಮೊಗವೀರ ಕೇರಿಗಳಲ್ಲಿ ಭಜನಾ ಮಂದಿರಗಳಿವೆ, ಚರ್ಚುಗಳಿಗೆ ಸಭಾಂಗಣಗಳಿವೆ, ಶಾಲೆಗಳಿಗೆ ಸಂಜೆ ಖಾಲಿ ಕೋಣೆಗಳಿವೆ. ಕುಡಿತ ಬಿಟ್ಟು ವರ್ಷ ಕಳೆದವರು ಪ್ರತಿ ಕೇರಿಯಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಶುರು ಮಾಡಬೇಕಾದವರು ಅವರು. ಆ ಅಧಿಕಾರ ವೈದ್ಯರಿಗಿಂತ, ಮುಖಂಡರಿಗಿಂತ ಅವರಿಗೆ ಹೆಚ್ಚು. ಉಳಿದ ನಾವು ಕೊಡಬೇಕಾದದ್ದು ಕೂರಲು ಒಂದು ಜಾಗ, ಮತ್ತು ಅಲ್ಲಿ ಯಾರು ಬಂದರು, ಏನು ಹೇಳಿದರು ಎಂಬುದನ್ನು ಹೊರಗೆ ಆಡುವುದಿಲ್ಲವೆಂಬ ಭರವಸೆ.