ನಾಲಿಗೆಗೋ, ನೆತ್ತಿಗೋ?

ಬೆಂಗಳೂರಿನ ಮೆಜೆಸ್ಟಿಕ್ ಆಸುಪಾಸಿನ ಯಾವುದಾದರೂ ಬಾರ್ ಅಂಡ್ ರೆಸ್ಟೋರೆಂಟನ್ನು ಸಂಜೆ ಏಳರ ಹೊತ್ತಿಗೆ ಹೊಕ್ಕು ನೋಡಿ. ಮಬ್ಬು ಬೆಳಕಿಗೆ ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ಮೇಜಿನ ಮೇಲೆ ಕಾಂಗ್ರೆಸ್ ಕಡಲೆಕಾಯಿ, ಸೌತೆಕಾಯಿ ಹೋಳು ಬಂದು ಕೂತಿರುತ್ತವೆ. ಹಿಂದೆಯೇ ಸಪ್ಲೈಯರ್‌ನ ಪ್ರಶ್ನೆ: ‘ಸ್ಟ್ರಾಂಗಾ, ಮೈಲ್ಡಾ ಸಾರ್?’ ಬ್ರ್ಯಾಂಡಿನ ಮಾತು ಆಮೇಲೆ. ರುಚಿಯ ಮಾತಂತೂ ಬರುವುದೇ ಇಲ್ಲ!

ಹಾಗೆಂದು ಬೀರ್ ಕುಡಿಯುವವರಿಗೆ ರುಚಿಯ ಹಟವಿಲ್ಲ ಎಂದುಕೊಂಡರೆ ಕೆಟ್ಟಿರಿ. ಒಬ್ಬನಿಗೆ ಕಿಂಗ್‌ಫಿಷರ್ ಬಿಟ್ಟರೆ ಬೇರೆ ಆಗದು. ಇನ್ನೊಬ್ಬ ಯುಬಿ ಎಕ್ಸ್‌ಪೋರ್ಟ್ ಸಿಗದಿದ್ದರೆ ಎದ್ದು ಪಕ್ಕದ ಬಾರಿಗೆ ನಡೆಯುವವನು. ಮೂರನೆಯವನದು ನಾಕ್‌ಔಟ್, ಉಳಿದವರದ್ದೆಲ್ಲ ಅವನ ಪಾಲಿಗೆ ಬಾರ್ಲಿ ನೀರು. ಈ ಮೂವರೂ ಒಪ್ಪುತ್ತಿದ್ದ ವಿಷಯ ಒಂದಿತ್ತು. ಬೀರ್‌ನಲ್ಲಿ ಗ್ಲಿಸರಿನ್ ಬೆರೆಸುತ್ತಾರೆ, ಅದನ್ನು ತೆಗೆಯದೆ ಕುಡಿದರೆ ತಲೆನೋವು ಖಚಿತ ಎಂಬ ನಂಬಿಕೆ ಅದು. ಅದಕ್ಕೇ ಮುಚ್ಚಳ ತೆಗೆದ ಬಾಟಲಿಯ ಬಾಯಿಗೆ ಹೆಬ್ಬೆರಳು ಒತ್ತಿ, ನೀರು ತುಂಬಿದ ಲೋಟದೊಳಗೆ ತಲೆಕೆಳಗು ಮಾಡಿ ಹಿಡಿಯುವುದು. ಎಣ್ಣೆಯಂಥ ಗೆರೆಯೊಂದು ಕೆಳಗಿಳಿದಾಗ ‘ನೋಡಿದೆಯಾ?’ ಎಂಬ ಗೆಲುವಿನ ನಗೆ. ಅಸಲಿಗೆ ಕೆಳಗಿಳಿದದ್ದು ಬೀರೇ. ನೀರಿಗಿಂತ ಅದು ತುಸು ಭಾರ. ಅದು ಕೆಳಗೆ ಜಾರಿದಂತೆ ನೀರು ಮೇಲೇರುತ್ತದೆ. ಹುದುಗುವಾಗ ಗ್ಲಿಸರಿನ್ ತಾನಾಗಿಯೇ ಅಷ್ಟಿಷ್ಟು ಹುಟ್ಟುವುದು ನಿಜ, ಆದರೆ ಅದು ಹೀಗೆ ಗೆರೆ ಕಟ್ಟಿ ಇಳಿದು ಹೋಗುವಂಥದ್ದಲ್ಲ. ಕಾಸು ಕೊಟ್ಟು ಕೊಂಡ ಬೀರ್‌ಗೆ ತಾವೇ ನೀರು ಬೆರೆಸಿಕೊಂಡು ಕುಡಿದವರು ಅದೆಷ್ಟು ಮಂದಿಯೋ!

ಬೆಂಗಳೂರಿಗೆ ಬೀರ್ ಹೊಸದಲ್ಲ. ದಂಡು ಪ್ರದೇಶದ ಬ್ರಿಟಿಷ್ ಸೈನಿಕರಿಗಾಗಿ ಬೀರ್ ಪೀಪಾಯಿಗಳು ಎತ್ತಿನ ಗಾಡಿ ಏರುತ್ತಿದ್ದ ಕಾಲವಿತ್ತು. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. 1947ರಲ್ಲಿ ವಿಠಲ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದರು. ಕಿಂಗ್‌ಫಿಷರ್ ಈಗಿನ ರೂಪದಲ್ಲಿ ಮಾರುಕಟ್ಟೆಗೆ ಬಂದದ್ದು 1978ರಲ್ಲಿ. ಊರ ನಡುವೆ ಬ್ರೂವರಿ ಇದ್ದ ಜಾಗದಲ್ಲಿ ಈಗ ಯುಬಿ ಸಿಟಿಯ ಗೋಪುರಗಳಿವೆ. ಕಂಪೆನಿ 2021ರಲ್ಲಿ ಹಾಲೆಂಡಿನ ಹೈನೆಕೆನ್ ಹಿಡಿತಕ್ಕೆ ಹೋಯಿತು.

ಬ್ರೂವರಿ ಊರಲ್ಲೇ ಇದ್ದದ್ದರಿಂದ ಬೆಂಗಳೂರಿಗೆ ಒಂದು ಅದೃಷ್ಟ ಒಲಿಯಿತು, ಅದು ಡ್ರಾಟ್ ಬೀರ್. ಬಾಟಲಿಯ ಬೀರನ್ನು ಬಿಸಿ ಮಾಡಿ ತಿಂಗಳುಗಟ್ಟಲೆ ಕೆಡದಂತೆ ಕಾಪಾಡುತ್ತಾರೆ. ಡ್ರಾಟ್‌ಗೆ ಸಾಮಾನ್ಯವಾಗಿ ಆ ಸಂಸ್ಕಾರವಿಲ್ಲ. ಹಾಲಿನ ಹಾಗೆ ತಣ್ಣಗಿಟ್ಟು ಬೇಗ ಮಾರಿಬಿಡಬೇಕು, ದೂರದ ಊರಿಗೆ ಸಾಗಿಸುವುದು ಕಷ್ಟ. 1980ರ ದಶಕದ ಕೊನೆಯ ಹೊತ್ತಿಗೆ ಚರ್ಚ್ ಸ್ಟ್ರೀಟ್, ಬ್ರಿಗೇಡ್ ರಸ್ತೆಯ ಸುತ್ತ ಪಬ್‌ಗಳು ತಲೆಯೆತ್ತಿದಾಗ ಮಗ್ಗು ತುಂಬಿದ್ದು ಈ ತಾಜಾ ಬೀರೇ. ರಾಕ್ ಸಂಗೀತ, ಹಂಚಿಕೊಳ್ಳಲು ಒಂದು ಪಿಚರ್, ಬಿಲ್ಲು ಬಂದಾಗ ಎಲ್ಲರೂ ಜೇಬು ತಡಕಾಡುವುದು. ಬೀರ್ ಕುಡಿದು ಮಾತಾಡುತ್ತ ಕೂರಬಹುದು, ಕತ್ತಲ ಮೂಲೆಯಲ್ಲಿ ಅಡಗಿ ಕೂರಬೇಕಿಲ್ಲ ಎಂದು ಒಂದು ತಲೆಮಾರಿಗೆ ತಿಳಿದದ್ದು ಅಲ್ಲಿ. ಹೆಣ್ಣುಮಕ್ಕಳು ಮಗ್ಗು ಹಿಡಿದು ಕೂತದ್ದನ್ನು ಊರು ಹುಬ್ಬೇರಿಸಿ ನೋಡಿತು, ಆಮೇಲೆ ಒಗ್ಗಿಕೊಂಡಿತು.

ಆದರೆ ಪಬ್ಬಿನಿಂದ ನಾಲ್ಕು ಹೆಜ್ಜೆ ಆಚೆಗಿನ ವೈನ್ ಸ್ಟೋರ್ ಕೌಂಟರಿನಲ್ಲಿ ನಡೆಯುವ ಲೆಕ್ಕ ಬೇರೆ. ಮೈಲ್ಡ್ ಎಂದರೆ ಶೇ 5ರವರೆಗೆ ಆಲ್ಕೊಹಾಲ್, ಸ್ಟ್ರಾಂಗ್ ಎಂದರೆ ಶೇ 8ರವರೆಗೆ. ಬಾಟಲಿ ಎರಡೂ 650 ಮಿಲಿಲೀಟರ್, ಬೆಲೆಯಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ದಿನವಿಡೀ ಗಾರೆ ಕೆಲಸ ಮಾಡಿ ಬಂದವನು ಯಾವುದನ್ನು ಕೇಳುತ್ತಾನೆ ಎಂದು ಬಿಡಿಸಿ ಹೇಳಬೇಕೆ? ಭಾರತದಲ್ಲಿ ಮಾರಾಟವಾಗುವ ಬೀರ್‌ನಲ್ಲಿ ಸ್ಟ್ರಾಂಗಿನದೇ ಸಿಂಹಪಾಲು. ಅದರ ಒರಟುತನ ಮುಚ್ಚಲು ಇರುವ ಉಪಾಯವೂ ಸುಲಭ: ಬಾಟಲಿಯನ್ನು ಐಸಿನಷ್ಟು ತಣ್ಣಗೆ ಮಾಡುವುದು. ಅಷ್ಟು ಚಳಿಯಲ್ಲಿ ನಾಲಿಗೆ ಮರಗಟ್ಟುತ್ತದೆ. ಕಹಿ, ಸಿಹಿ, ಘಾಟು ಒಂದೂ ತಿಳಿಯದು. ಅದನ್ನೇ ‘ಚಿಲ್ಡ್’ ಎಂದು ಹೊಗಳುವುದುಂಟು. ಬಡವನ ನಾಲಿಗೆಯನ್ನು ಹಳಿಯುವುದು ಸುಲಭ. ಕಾಸಿಗೆ ತಕ್ಕ ಕಿಕ್ ಹುಡುಕುವವನಿಗೆ ರುಚಿ ಎಂಬುದು ಎರಡನೆಯ ಬಾಟಲಿಯ ವಿಷಯ.

2011ರಲ್ಲಿ ವಿಠಲ್ ಮಲ್ಯ ರಸ್ತೆಯಲ್ಲಿ, ಹಳೆಯ ಬ್ರೂವರಿಯ ನೆಲಕ್ಕೆ ಕೂಗಳತೆಯಲ್ಲೇ, ಬಿಯರ್ ಕ್ಲಬ್ ಎಂಬ ಪುಟ್ಟ ಬ್ರೂವರಿ ಬಾಗಿಲು ತೆರೆಯಿತು. ಇಂದಿರಾನಗರದ ಟಾಯ್ಟ್, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಬಂದವು. ತಾಮ್ರ, ಸ್ಟೀಲಿನ ಹಂಡೆಗಳ ಪಕ್ಕದಲ್ಲೇ ಕೂತು ಕುಡಿಯುವ ಹೊಸ ಶೋಕಿ ಶುರುವಾಯಿತು. ಮೊದಮೊದಲು ಗೋಧಿ ಬೀರ್ ಮೂಸಿದವರ ಪ್ರಶ್ನೆ ‘ಇದಕ್ಕೆ ಬಾಳೆಹಣ್ಣು ಹಾಕಿದ್ದೀರಾ?’ ಎಂದೇ. ಬಾಳೆಹಣ್ಣೂ ಇಲ್ಲ, ಲವಂಗವೂ ಇಲ್ಲ. ಆ ಎರಡು ಪರಿಮಳವನ್ನೂ ಹುಟ್ಟಿಸುವುದು ಜರ್ಮನ್ ಗೋಧಿ ಬೀರ್‌ನ ಯೀಸ್ಟ್. ಹುರಿದ ಬಾರ್ಲಿಯ ಕಪ್ಪು ಸ್ಟೌಟ್‌ನಲ್ಲಿ ಚಿಕ್ಕಮಗಳೂರಿನ ಡಿಕಾಕ್ಷನ್ನಿನ ನೆನಪಿದೆ. ರಾಗಿ, ಮಾವು ಹಾಕಿಯೂ ಪ್ರಯೋಗಗಳಾದವು.

ಈ ಪಟ್ಟಿಯಲ್ಲಿ ನಮ್ಮ ದೇಶದ ಹೆಸರನ್ನೇ ಹೊತ್ತ ಇಂಡಿಯಾ ಪೇಲ್ ಏಲ್ ಕೂಡ ಇದೆ. ಇಂಗ್ಲೆಂಡಿನಿಂದ ಕೇಪ್ ಬಳಸಿ ಬರುವ ತಿಂಗಳುಗಟ್ಟಲೆ ಹಡಗು ಪಯಣಕ್ಕೆಂದು ಹಾಪ್ಸ್ ಹೂವನ್ನು ಧಾರಾಳವಾಗಿ ಹಾಕಿ ಕಳಿಸುತ್ತಿದ್ದ ಬೀರ್ ಅದು. ಹಾಪ್ಸ್ ಬೀರನ್ನು ಕೆಡದಂತೆ ಕಾಯುತ್ತದೆ, ಜೊತೆಗೆ ಕಹಿ ಕೊಡುತ್ತದೆ. ಕುಡಿದವರು ಇಲ್ಲಿದ್ದ ಬಿಳಿಯರು. ಹೆಸರು ಮಾತ್ರ ಇಂಡಿಯಾದ್ದು. ಈಗಲೂ ಮೊದಲ ಗುಟುಕಿಗೆ ಮುಖ ಹಿಂಡುವವರು ಬಹಳ. ಹಾಗಲಕಾಯಿ ಗೊಜ್ಜು ಬಡಿಸಿಕೊಂಡು, ಗಟ್ಟಿ ಕಾಫಿ ಕುಡಿದು ಬೆಳೆದ ನಾಲಿಗೆಗಳು ಬೀರ್‌ನ ಕಹಿಗೆ ಹೆದರುವುದು ವಿಚಿತ್ರವೇ.

ಅಷ್ಟಕ್ಕೂ ‘ನನ್ನ ಬ್ರ್ಯಾಂಡ್’ ಎಂಬ ಹಟ ನಾಲಿಗೆಯದ್ದೇ? 1964ರಲ್ಲಿ ಅಮೆರಿಕದ ಆಲಿಸನ್ ಮತ್ತು ಯೂಲ್ ಎಂಬ ಸಂಶೋಧಕರು 326 ಬೀರ್‌ಪ್ರಿಯರಿಗೆ ಲೇಬಲ್ ಇಲ್ಲದ ಬಾಟಲಿಗಳನ್ನು ಕೊಟ್ಟರು. ತಮ್ಮ ಮೆಚ್ಚಿನ ಬೀರ್ ಯಾವುದೆಂದು ಗುರುತಿಸಲು ಅವರಿಗೆ ಆಗಲಿಲ್ಲ. ಲೇಬಲ್ ಅಂಟಿಸಿ ಕೊಟ್ಟದ್ದೇ ತಡ, ತಮ್ಮ ಬ್ರ್ಯಾಂಡಿಗೆ ಹೆಚ್ಚು ಅಂಕ! 2006ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ಎಂಐಟಿಯ ಪಬ್‌ಗಳಲ್ಲಿ ನಡೆದದ್ದು. ಬೀರ್‌ಗೆ ಕೆಲವು ಹನಿ ವಿನೆಗರ್ ಸೇರಿಸಿ ಕೊಟ್ಟಾಗ, ಗುಟ್ಟು ಗೊತ್ತಿಲ್ಲದವರಲ್ಲಿ ಹೆಚ್ಚಿನವರು ಅದನ್ನೇ ಮೆಚ್ಚಿದರು. ಮೊದಲೇ ಹೇಳಿದ್ದರೆ ಬಹುಪಾಲು ಮಂದಿ ಬೇಡವೆಂದರು. ಕುಡಿದಾದ ಮೇಲೆ ಹೇಳಿದರೆ ಮೆಚ್ಚುಗೆ ಅಷ್ಟೇನೂ ಕಡಿಮೆಯಾಗಲಿಲ್ಲ.

ಬೇಕಿದ್ದರೆ ನಿಮ್ಮ ಮೇಜಿನಲ್ಲೇ ಪರೀಕ್ಷಿಸಬಹುದು. ಮೂರು ಬ್ರ್ಯಾಂಡಿನ ಮೈಲ್ಡ್ ಬೀರ್ ತರಿಸಿ, ಹತ್ತು ನಿಮಿಷ ಚಳಿ ಬಿಡಲು ಕೊಡಿ. ಆ ದಿನ ಕುಡಿಯದ ಗೆಳೆಯನೊಬ್ಬನಿಗೆ ಬಾಟಲಿ ಕಾಣದಂತೆ ಮೂರು ಲೋಟಕ್ಕೆ ಬಗ್ಗಿಸಲು ಹೇಳಿ. ನಾಕ್‌ಔಟ್ ಅಭಿಮಾನಿ, ಕಿಂಗ್‌ಫಿಷರ್ ಅಭಿಮಾನಿ, ಯುಬಿ ಅಭಿಮಾನಿ ಒಬ್ಬೊಬ್ಬರೂ ಗುಟುಕರಿಸಿ ಚೀಟಿಯಲ್ಲಿ ಹೆಸರು ಬರೆಯಲಿ. ತಪ್ಪಿದವನು ಬಿಲ್ಲು ಕೊಡಬೇಕು. ಮೂವರೂ ತಪ್ಪಿದರೆ ಸಮನಾಗಿ ಹಂಚಿಕೊಳ್ಳಿ. ಅಷ್ಟರಲ್ಲಿ ಸಪ್ಲೈಯರ್ ಮತ್ತೆ ಬಂದು ನಿಂತಿರುತ್ತಾನೆ: ‘ರಿಪೀಟ್ ಮಾಡಲಾ ಸಾರ್? ಸ್ಟ್ರಾಂಗಾ, ಮೈಲ್ಡಾ?’