ಒಂದೇ ಕುರ್ಚಿಗೆ ಎಂಟು ವಾದ್ಯ

1957ರಲ್ಲಿ ನ್ಯೂಯಾರ್ಕಿನ ವಿಂಟರ್ ಗಾರ್ಡನ್ ಥಿಯೇಟರಿನಲ್ಲಿ ‘ವೆಸ್ಟ್ ಸೈಡ್ ಸ್ಟೋರಿ’ ಸಂಗೀತ ನಾಟಕ ರಂಗವೇರಿದಾಗ, ವೇದಿಕೆಯ ಮುಂದಿನ ತಗ್ಗಿನಲ್ಲಿ ಐವರು ‘ರೀಡ್’ ವಾದಕರು, ಅಂದರೆ ಫ್ಲೂಟ್, ಕ್ಲಾರಿಯೊನೆಟ್‌ನಂಥ ಊದುವಾದ್ಯಗಳವರು, ಇದ್ದರು. ಮೂರನೆಯ ಕುರ್ಚಿಯವರ ಪಾಲಿಗೆ ಎಂಟು ವಾದ್ಯ: ಪಿಕೊಲೊ, ಫ್ಲೂಟ್, ಓಬೋ, ಇಂಗ್ಲಿಷ್ ಹಾರ್ನ್, ಕ್ಲಾರಿಯೊನೆಟ್, ಬೇಸ್ ಕ್ಲಾರಿಯೊನೆಟ್, ಟೆನರ್ ಮತ್ತು ಬ್ಯಾರಿಟೋನ್ ಸ್ಯಾಕ್ಸೊಫೋನ್. ಐದನೆಯವರಿಗೆ ಬಸೂನ್ ಒಂದೇ.

ಸಿಂಫನಿ ವಾದ್ಯವೃಂದದಲ್ಲಿ ಇಷ್ಟು ಹೊರೆ ಯಾರಿಗೂ ಇರುವುದಿಲ್ಲ. ಒಬ್ಬರೇ ಹಲವು ವಾದ್ಯ ನುಡಿಸುವುದು 1920ರ ದಶಕದ ಡಾನ್ಸ್ ಬ್ಯಾಂಡುಗಳಲ್ಲಿ ಬೆಳೆದ ರೂಢಿ. 1924ರಲ್ಲಿ ಗರ್ಶ್ವಿನ್‌ರ ‘ರ್‍ಯಾಪ್ಸೊಡಿ ಇನ್ ಬ್ಲೂ’ ಮೊದಲ ಸಲ ಕೇಳಿಸಿದಾಗ, ಆರಂಭದ ಆ ಪ್ರಸಿದ್ಧ ಕ್ಲಾರಿಯೊನೆಟ್ ಜಾರನ್ನು ನುಡಿಸಿದವರು ಪಾಲ್ ವೈಟ್‌ಮನ್ ಬ್ಯಾಂಡಿನ ರಾಸ್ ಗೋರ್ಮನ್. ಅದೇ ಕೃತಿಯಲ್ಲಿ ಅವರು ಓಬೋವನ್ನೂ ಸ್ಯಾಕ್ಸೊಫೋನನ್ನೂ ಕೈಗೆತ್ತಿಕೊಂಡಿದ್ದರು. ನ್ಯೂಯಾರ್ಕಿನ ರಂಗಭೂಮಿ ಬ್ರಾಡ್‌ವೇಗೆ ಇಂಥವರೇ ಬೇಕಾಗಿತ್ತು. ತಗ್ಗು ಇಕ್ಕಟ್ಟು, ಹೆಚ್ಚುವರಿ ವಾದ್ಯಕ್ಕೆ ಹೆಚ್ಚು ಸಂಭಾವನೆ ಕೊಟ್ಟರೂ ಇನ್ನೊಬ್ಬರನ್ನು ನೇಮಿಸುವುದಕ್ಕಿಂತ ಅಗ್ಗ.

ಉಳಿತಾಯದ ಈ ಲೆಕ್ಕ ಅಲ್ಲಿಗೇ ನಿಲ್ಲಲಿಲ್ಲ. 2003ರ ಮಾರ್ಚಿನಲ್ಲಿ, ವಾದಕರ ಕನಿಷ್ಠ ಸಂಖ್ಯೆಯನ್ನು ಇಳಿಸುವ ನಿರ್ಮಾಪಕರ ಬೇಡಿಕೆಯ ವಿರುದ್ಧ ವಾದಕರು ಮುಷ್ಕರ ಹೂಡಿದರು. ರಾಜಿಯಾದಾಗ ದೊಡ್ಡ ಥಿಯೇಟರುಗಳಲ್ಲಿ 24–26 ಇದ್ದ ಕನಿಷ್ಠ ಸಂಖ್ಯೆ 18–19ಕ್ಕೆ ಬಂತು. ಇದು ಸಂಗೀತಕ್ಕೆ ಆದ ನಷ್ಟವೆಂದೇ ನಾನು ತಿಳಿದಿದ್ದೇನೆ.

ಆದರೆ ಈ ಒತ್ತಡದಲ್ಲೇ ಹುಟ್ಟಿದ ಕಸುಬು ಬೆರಗು ಹುಟ್ಟಿಸುತ್ತದೆ. ಸ್ವರ ಕಲಿತರೆ ತಯಾರಿ ಮುಗಿಯುವುದಿಲ್ಲ, ವಾದ್ಯ ಬದಲಿಸುವುದನ್ನೂ ಕಲಿಯಬೇಕು. ಫ್ಲೂಟಿಗೆ ಉಸಿರು ರಂಧ್ರದ ಅಂಚಿಗೆ ತಾಗಬೇಕು. ಓಬೋದ ಜೋಡಿ ರೀಡನ್ನು, ಅಂದರೆ ಊದುವ ತುದಿಯ ತೆಳು ಪಟ್ಟಿಗಳನ್ನು, ಎರಡೂ ತುಟಿಗಳ ನಡುವೆ ಹಿಡಿಯಬೇಕು. ಕ್ಲಾರಿಯೊನೆಟ್ಟಿನ ಬೆರಳಿಡುವ ಕ್ರಮ ಮೇಲಿನ ಸ್ಥಾಯಿಗೆ ಹೋದೊಡನೆ ಬೇರೆಯಾಗುತ್ತದೆ. ಬಹಳ ಹೊತ್ತು ಊದದೆ ಬಿಟ್ಟ ವಾದ್ಯ ತಣ್ಣಗಾಗಿ ಶ್ರುತಿ ಇಳಿಯುತ್ತದೆ. ಓಬೋದ ರೀಡ್ ಒಣಗುತ್ತದೆ. ಆದ್ದರಿಂದ ಅನುಭವಿಗಳು ಸ್ಟ್ಯಾಂಡುಗಳನ್ನು ಯಾವ ಕ್ರಮದಲ್ಲಿಡಬೇಕು, ಯಾವ ವಾದ್ಯ ಯಾವ ಕೈಗೆ ಬರಬೇಕು, ಯಾವ ಬಿಡುವಿನಲ್ಲಿ ರೀಡನ್ನು ಬಾಯಲ್ಲಿಟ್ಟು ನೆನೆಸಬೇಕು ಎಂಬುದನ್ನೆಲ್ಲ ಮನೆಯಲ್ಲೇ ಗೊತ್ತುಮಾಡಿಕೊಂಡು, ನುಡಿಸಿದಷ್ಟೇ ಶ್ರದ್ಧೆಯಿಂದ ಆ ಬದಲಾವಣೆಗಳನ್ನೂ ಅಭ್ಯಾಸ ಮಾಡುತ್ತಾರೆ.

ವಾದಕರ ಸ್ವರಲಿಪಿಯ ಪುಟದ ಮೇಲೆ ಪೆನ್ಸಿಲ್ ಗುರುತುಗಳು ತುಂಬಿರುತ್ತವೆ. ಪುಟ್ಟ ಕನ್ನಡಕದ ಚಿತ್ರವಿದ್ದರೆ ‘ಇಲ್ಲಿ ಸಂಗೀತ ನಿರ್ದೇಶಕರ ಕೈ ನೋಡು’ ಎಂದರ್ಥ. ನಟರ ಮಾತು ಮುಗಿಯುವ ತನಕ ಒಂದು ಚಿಕ್ಕ ಭಾಗವನ್ನೇ ಮತ್ತೆ ಮತ್ತೆ ನುಡಿಸುವ ‘ವ್ಯಾಂಪ್’ ಜಾಗಗಳಲ್ಲಿ ಈ ಗುರುತು ಬಹಳ ಉಪಯುಕ್ತ, ಏಕೆಂದರೆ ಎಷ್ಟು ಸಲ ನುಡಿಸಬೇಕೆಂಬುದು ಆ ದಿನದ ನಟನೆಯನ್ನೇ ಅವಲಂಬಿಸಿರುತ್ತದೆ.

ಬದಲಿ ವಾದಕರ ಪಾಡು ಇನ್ನೂ ಕಠಿಣ. ಅವರು ಧ್ವನಿಮುದ್ರಿಕೆಯ ಜೊತೆ ಅಭ್ಯಾಸ ಮಾಡುತ್ತಾರೆ, ಪ್ರದರ್ಶನದ ವೇಳೆ ಖಾಯಂ ವಾದಕರ ಪಕ್ಕದಲ್ಲಿ ಕೂತು ಪ್ರತಿ ಚಲನೆಯನ್ನೂ ಗಮನಿಸುತ್ತಾರೆ. ವಾದ್ಯವೃಂದದೊಂದಿಗೆ ತಾಲೀಮು ಮಾತ್ರ ಸಿಗುವುದಿಲ್ಲ. ಅವರು ಮೊದಲ ಬಾರಿ ಎಲ್ಲರೊಡನೆ ನುಡಿಸುವುದೇ ಟಿಕೆಟ್ ಕೊಂಡು ಬಂದ ಪ್ರೇಕ್ಷಕರ ಮುಂದೆ. ಅವರನ್ನು ಮತ್ತೆ ಕರೆಯಬಹುದೇ ಎಂಬುದನ್ನು ಸಂಗೀತ ನಿರ್ದೇಶಕರು ಅದರ ಮೇಲೆಯೇ ತೀರ್ಮಾನಿಸುತ್ತಾರೆ.