ನಿಮಗಿದು ಗೊತ್ತೆ? ಮೊದಲ ಮಾನಕ ಧ್ವಜಕ್ಕೆ!

ದೇಶದ ಗುಣಮಟ್ಟದ ಪಟ್ಟಿಯಲ್ಲಿ ಮೊದಲ ಸಂಖ್ಯೆ ಉಕ್ಕಿಗಲ್ಲ, ಸಿಮೆಂಟಿಗಲ್ಲ, ರಾಷ್ಟ್ರಧ್ವಜಕ್ಕೆ! 1951ರಲ್ಲಿ ಬಂದ ಆ ಮಾನಕದ ಹೆಸರೇ ‘ಐಎಸ್ 1’.

ಧ್ವಜದ ಅಳತೆ 9 ಬಗೆ. ದೊಡ್ಡದು 6300 ಮಿ.ಮೀ. ಉದ್ದ, 4200 ಮಿ.ಮೀ. ಅಗಲ. ಚಿಕ್ಕದು ಬರೀ 150ಕ್ಕೆ 100. ಬಟ್ಟೆ, ಬಣ್ಣ, ಹೊಲಿಗೆ, ಚಕ್ರದ 24 ಗೆರೆ, ಕಟ್ಟುವ ಹಗ್ಗ ಎಲ್ಲಕ್ಕೂ ಲೆಕ್ಕವಿದೆ.

ಈ ಮಾನಕದಂತೆ ಖಾದಿ ಧ್ವಜ ಹೊಲಿಯುವ ಹೆಸರಾಂತ ಘಟಕ ಹುಬ್ಬಳ್ಳಿಯ ಬೆಂಗೇರಿಯಲ್ಲಿದೆ. ಬೈಲಹೊಂಗಲ, ಸವದತ್ತಿಯವರಿಗೆ ಅದೇನೂ ದೂರವಲ್ಲ. ಧ್ವಜದ ಬಟ್ಟೆ ನೇಯ್ದು ಹೆಸರಾದ ಧಾರವಾಡ ತಾಲ್ಲೂಕಿನ ಗರಗವಂತೂ ಕಿತ್ತೂರಿಗೆ ಇನ್ನೂ ಹತ್ತಿರ.

ಇನ್ನೊಂದು ಸೋಜಿಗ: ಕಾರ್ಖಾನೆಯ ಬಾಗಿಲಲ್ಲಿ ತೂಗುವ ‘ಐಎಸ್‌ಒ 9001’ ಫಲಕ ಅಲ್ಲಿಯ ಮಾಲು ಚಲೋ ಎಂದು ಹೇಳುವುದೇ ಇಲ್ಲ! ಕೆಲಸದ ಪದ್ಧತಿ ನೆಟ್ಟಗಿದೆ ಎಂದಷ್ಟೇ ಅದರ ಅರ್ಥ. ಜಿನೀವಾದ ಐಎಸ್‌ಒ ಸಂಸ್ಥೆ ತಾನಾಗಿ ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ. ಕೊಡುವವರು ಬೇರೆ ಸಂಸ್ಥೆಗಳು. ಐಎಸ್‌ಐ ಗುರುತು ಹಾಗಲ್ಲ, ಅದು ವಸ್ತುವಿನದೇ ಪರೀಕ್ಷೆ.

ಸಣ್ಣ ಉದ್ಯಮಗಳಿಗೆ ಗುಣಮಟ್ಟದ ಪ್ರಮಾಣಪತ್ರ ಕೊಡುವ ಕೇಂದ್ರದ ‘ಜೆಡ್’ ಯೋಜನೆ ಇದೆ. ಅದರಲ್ಲಿ ಕಂಚು, ಬೆಳ್ಳಿ, ಚಿನ್ನ ಎಂಬ 3 ಮೆಟ್ಟಿಲು. ಅತಿಸಣ್ಣ ಘಟಕಗಳಿಗೆ ಶುಲ್ಕದಲ್ಲಿ ಶೇ 80ರಷ್ಟು ಸಹಾಯಧನವೂ ಉಂಟು.

ಕೊಳ್ಳುವವರು ಮಾತ್ರ ಐಎಸ್‌ಐ ಗುರುತಿನ ಕೆಳಗಿನ ‘ಸಿಎಂ/ಎಲ್’ ಸಂಖ್ಯೆ ನೋಡಿ. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ.